ಹೂಂ ಅಂದ ಮೇಲೆ

ಮಹುಲಪಾಲಿ ಕ್ಯಾಂಪ್
೧೨ ಆಗಸ್ಟ್ ೧೯೫೮

ಚಂದ್ರಾಮನಿಗೆ,

ಪತ್ರದ ತಲೆಗೆ ‘ಇತ್ತ ಕಡೆ ಸರ್ವರೂ ಕ್ಷೇಮ’ ಎಂದು ಬರೆಯಬೇಕೆಂದು ನಮ್ಮ ಮಾಸ್ತರರು ಕಲಿಸಿದ್ದರು. ಈ ಸಲ ಬರೆಯುವುದಿಲ್ಲ. ಇಲ್ಲಿ ಕ್ಷೇಮವಿಲ್ಲ. ನಿನಗೆ ಇನ್ನು ಪತ್ರ ಹಾಕಬಾರದು ಎಂದು ಆರು ತಿಂಗಳ ಹಿಂದೆ ಆಣೆ ಮಾಡಿದವನೂ ನಾನೇ, ಇವತ್ತು ಮುರಿಯುತ್ತಿರುವವನೂ ನಾನೇ. ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಕೆಲಸ ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಕನ್ನೊಳ್ಳಿಯ ಶಮಶುದ್ದೀನನ ಎಡಗಾಲಿನ ಮೇಲೆ ಕಬ್ಬಿಣದ ಕೊಳವೆ ಬಿತ್ತು. ಎರಡು ಬೆರಳು ಹೋದವು. ಜೀವಕ್ಕೆ ಭಯವಿಲ್ಲ, ಊಟ ಸರಿಯಾಗಿ ಮಾಡುತ್ತಿದ್ದಾನೆ, ದವಾಖಾನೆಯ ನರ್ಸಮ್ಮನಿಗೆ ಬಯ್ಯುವಷ್ಟು ಶಕ್ತಿಯೂ ಬಂದಿದೆ. ಆದರೆ ಅವನ ತಾಯಿ ರಹಿಮಾಬಿಗೆ ತಿಳಿಸಬೇಕು. ಕಾರ್ಡು ಬರೆದರೆ ಮೊದಲು ಅಂಚೆಯವನು ಓದುತ್ತಾನೆ, ಆಮೇಲೆ ಊರು ಓದುತ್ತದೆ, ಮುದುಕಿಗೆ ಮುಟ್ಟುವ ಹೊತ್ತಿಗೆ ಎರಡು ಬೆರಳು ಎರಡು ಕಾಲಾಗಿರುತ್ತವೆ. ನೀನೇ ಹೋಗಿ, ಹತ್ತಿರ ಕುಳಿತು, ನೀರು ಕುಡಿಸಿ ಹೇಳು. ನಿನಗೆ ಮೆಲ್ಲಗೆ ಹೇಳಲಿಕ್ಕೆ ಬರುತ್ತದೆ. ನನಗೆ ಬರುವುದಿಲ್ಲ, ನಿನಗೆ ಗೊತ್ತೇ ಇದೆ.

ಹೇಗಾಯಿತು ಅಂದರೆ ಕೇಳು. ಇಲ್ಲಿ ಒಡಿಯಾ ಸೀಮೆಯಲ್ಲಿ ಸಿಮೆಂಟಿನ ಕಾರಖಾನೆ ಕಟ್ಟುತ್ತಿರುವವರು ಜರ್ಮನಿಯವರು. ನಮ್ಮ ಇಂಜಿನಿಯರನ ಹೆಸರು ಬ್ರಾಂಟ್. ಮೊದಲ ದಿನ ಬಾಗಿಲ ಫಲಕದ ಮೇಲೆ ನಾನು ‘ಭ್ರಾಂತ’ ಎಂದು ಓದಿದೆ. ನಮ್ಮ ಕಡೆಯ ಹನ್ನೊಂದು ಮಂದಿ ಆಳುಗಳಿಗೆ ಅವತ್ತಿನಿಂದ ಅವನು ಭ್ರಾಂತ ಸಾಹೇಬನೇ. ಅವನದು ಅರ್ಧ ಇಂಗ್ಲಿಷ್, ನನ್ನದು ಪಾವು ಇಂಗ್ಲಿಷ್, ಎರಡೂ ಕೂಡಿ ಮುಕ್ಕಾಲು ಆಗುತ್ತದೆ. ಉಳಿದ ಕಾಲು ಭಾಗ ಕೈಸನ್ನೆ. ಅವನು ಹೇಳಿದ್ದನ್ನು ನಾನು ಕನ್ನಡ ಮಾಡಿ ನಮ್ಮವರಿಗೆ ಹೇಳಬೇಕು. ಅದಕ್ಕೇ ನನ್ನನ್ನು ಈ ಗ್ಯಾಂಗಿನ ಮುಕಾದಮ ಮಾಡಿದ್ದಾರೆ.

ಆ ದಿನ ಸಾಹೇಬ ಅಟ್ಟಣಿಗೆಯ ಮೇಲೆ ನಿಂತು ಹೇಳಿದ: ಕೊಳವೆ ಎತ್ತುವ ಮೊದಲು ಎರಡನೇ ಹಗ್ಗ ಬಿಗಿಯಬೇಕು. ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ‘ಹೂಂ’ ಅಂದರು. ಸಾಹೇಬ ‘ಯಸ್?’ ಅಂತ ಕೇಳಿದ, ನಾನೂ ‘ಯಸ್’ ಅಂದೆ. ಅವನು ಹೋದ. ನಾನು ಬೆಸುಗೆಯ ಪಂಜಾಬಿಗಳ ಕಡೆ ಹೋದೆ. ಹಿಂತಿರುಗಿ ಬರುವುದರೊಳಗೆ ಎರಡನೇ ಹಗ್ಗ ಇಲ್ಲದೆಯೇ ಕೊಳವೆ ಎತ್ತಿದ್ದರು, ಅದು ಜಾರಿತ್ತು.

ಸಾಹೇಬ ಎಲ್ಲರ ಎದುರಿಗೆ, “ನಿಮ್ಮವರು ಸುಳ್ಳುಗಾರರು. ಯಸ್ ಅಂದರು, ಮಾಡಲಿಲ್ಲ” ಅಂದ. ಅಕ್ಟೋಬರ ಕೊನೆಯವರೆಗೆ ಗಡುವು ಕೊಟ್ಟಿದ್ದಾನೆ. ಅಷ್ಟರೊಳಗೆ ಈ ಗ್ಯಾಂಗು ಸುಧಾರಿಸದಿದ್ದರೆ ಹನ್ನೊಂದೂ ಮಂದಿ ವಾಪಸು ಊರಿಗೆ, ಅವರ ಹಿಂದೆ ನಾನು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ತಿರುಗಿ ಒಬ್ಬೊಬ್ಬನ ಮನೆ ಕಟ್ಟೆಯ ಮೇಲೆ ಕುಳಿತು, ‘ನನ್ನ ಮೇಲೆ ಭರವಸಿ ಇಡರಿ’ ಎಂದು ಕರೆದುಕೊಂಡು ಬಂದವನು ನಾನು. ಈಗ ಯಾವ ಮುಖ ಹೊತ್ತು ಹೋಗಲಿ?

ನಿಜ ಹೇಳಲೋ? ಸುಳ್ಳುಗಾರರು ಅಂದಾಗ ಅವನ ಕಪಾಳಕ್ಕೆ ಬಿಗಿಯಬೇಕು ಅನಿಸಿತು. ಆದರೆ ಕೈ ಏಳಲಿಲ್ಲ. ನಮ್ಮ ಮಂದಿ ಹೂಂ ಅಂದು ಕೈ ಕೊಡುವುದು ನನಗೇನು ಹೊಸದು? ಮೋಟಾರು ನಿಲ್ಲುವ ಝಳಕಿ ನಾಕಾದ ಬೇವಿನ ಗಿಡದ ಬುಡಕ್ಕೆ ನಿನ್ನ ಹಾದಿ ಕಾಯುತ್ತ ನಿಂತು ಕಲಿತ ಪಾಠ ಅದು.

ರಹಿಮಾಬಿಯ ಕೆಲಸ ಮರೆಯಬೇಡ.

ಇಂತಿ,
ಕಾಸಿಂಸಾಬ


ಸಿಂದಗಿ
೩ ಸಪ್ಟೆಂಬರ್ ೧೯೫೮

ಕಾಸಿಂಗೆ,

ರಹಿಮಾಬಿಯ ಮನೆಗೆ ಹೋಗಿದ್ದೆ. ಹೇಳಿದೆ. ಸ್ವಲ್ಪ ಹೊತ್ತು ಅತ್ತಳು, ಆಮೇಲೆ “ಉಳಿದ ಎಂಟ ಬೆರಳ ಅದಾವಲ್ಲಪ್ಪಾ, ನಡಿಯಾಕ ಬರ್ತೈತಿಲ್ಲೋ?” ಎಂದು ಕೇಳಿದಳು. ಬರುತ್ತದೆ ಅಂದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ. ಪಾರ್ಸಲು ಮಾಡಿದ್ದೇನೆ. ನೀನು ತಿನ್ನಬೇಡ, ಅವನಿಗೆ ಕೊಡು.

ಝಳಕಿಯ ಮಾತು ಕಾಗದದಲ್ಲಿ ಬೇಡ, ಎದುರು ಕುಳಿತಾಗ ಆಡೋಣ.

ನಾನು ಹತ್ತಿ ಜಿನ್ನಿಂಗಿನ ಕೆಲಸ ಬಿಟ್ಟೆ. ಸಿಂದಗಿ–ಇಂಡಿ ರಸ್ತೆಯ ಮೇಲೆ ರೋಡ ಕಾರಕೂನ ಆಗಿದ್ದೇನೆ. ಕಲ್ಲು ಒಡೆಯುವ, ಬುಟ್ಟಿ ಹೊರುವ ಇಪ್ಪತ್ತು ಮಂದಿ ನನ್ನ ಕೈಕೆಳಗೆ. ನನ್ನ ಮೇಲೆ ಓವರಸಿಯರ್ ಸಾಹೇಬರು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ತುಮಕೂರು ಕಡೆಯಿಂದ ಬಂದವರು. ಒಳ್ಳೆಯ ಮನುಷ್ಯ, ದನಿ ಏರಿಸುವವರಲ್ಲ. ಅವರದೂ ಕನ್ನಡ, ನಮ್ಮದೂ ಕನ್ನಡ, ಇನ್ನೇನು ತೊಂದರೆ ಎಂದುಕೊಂಡಿದ್ದೆ.

ಮೊದಲ ವಾರ ಮುಂಬಯಿ ಕಾಲದ ಒಂದು ನಕಾಶೆ ಬೇಕಾಯಿತು. ಸಾಹೇಬರು ಕೇಳಿದರು. ಬಂಗಲೆ ಗುಡಿಸುವ ಗುಂಡವ್ವ, “ಅದಾ? ಇಲಿ ತಿಂದಿತ್ರಿ, ನಿನ್ನೆ ಒಗದೇನ್ರಿ” ಅಂದಳು. ಸಾಹೇಬರ ಮುಖ ನೋಡಬೇಕಿತ್ತು.

“ಒಗೆದ್ಯಾ? ಕಾಗದಾನ ಯಾರಾದ್ರೂ ಒಗೀತಾರೇನಮ್ಮ? ಹೋಗ್ಲಿ, ಒಣಗಿಸಿದ್ದೀಯಾ?”

“ಒಣಗಸೂದ್ಯಾಕ್ರಿ? ತಿಪ್ಪ್ಯಾಗ ಐತಿ.”

ಒಗೆಯುವುದು ಅಂದರೆ ಅವರಿಗೆ ಬಟ್ಟೆ ತೊಳೆಯುವುದು ಒಂದೇ. ನಾವು ಬಟ್ಟೆಯನ್ನೂ ಒಗೆಯುತ್ತೇವೆ, ಬೇಡವಾದದ್ದನ್ನೂ ಒಗೆಯುತ್ತೇವೆ. ಇದಾದರೂ ನಕ್ಕು ಮುಗಿಯಿತು. ಮರುದಿನ ಮುಂಜಾನೆ ಅವರು ಪ್ರೀತಿಯಿಂದ ಗುಂಡವ್ವನಿಗೆ, “ತಿಂಡಿ ಆಯ್ತಾ?” ಎಂದು ಕೇಳಿದರು. ಅವಳು ಬುಟ್ಟಿ ನೆಲಕ್ಕೆ ಕುಕ್ಕಿ, “ನನಗ ತಿಂಡಿ? ತಿಂಡಿ ಯಾರಿಗೈತಿ ತೋರಸ್ತೇನಿ!” ಎಂದು ಸೊಂಟಕ್ಕೆ ಸೆರಗು ಕಟ್ಟಿದಳು. ಅವರು ಕೇಳಿದ್ದು ನಾಷ್ಟಾ ಆಯಿತೇ ಎಂದು. ಅವಳಿಗೆ ಕೇಳಿಸಿದ್ದು ಜಗಳದ ತುರಿಕೆ. ಹೆಣ್ಣಾಳುಗಳೆಲ್ಲ ಅರ್ಧ ದಿನ ಕೆಲಸಕ್ಕೆ ಇಳಿಯಲಿಲ್ಲ. ನಾನು ಅವರಿಗೂ ಇವರಿಗೂ ನಡುವೆ ನಿಂತು ಬೆವತುಹೋದೆ.

ಇದನ್ನು ಯಾಕೆ ಬರೆದೆ ಅಂದರೆ, ಒಂದೇ ಭಾಷೆಯವರಲ್ಲೇ ಒಂದು ಮಾತು ಎರಡು ಆಗುತ್ತದೆ. ನಿಮ್ಮಲ್ಲಿ ಮೂರು ಭಾಷೆ. ಸುಳ್ಳು ಎಂದು ನಿಮ್ಮ ಸಾಹೇಬ ಅಂದದ್ದು ಸುಳ್ಳೇ ಇರಬೇಕೆಂದೇನಿಲ್ಲ. ಆ ದಿನ ನಮ್ಮವರು ಯಾಕೆ ಹಗ್ಗ ಕಟ್ಟಲಿಲ್ಲ? ನೀನು ಅವರನ್ನು ಕೇಳಿದೆಯಾ? ಹೇಳುವುದು ಬೇರೆ, ಕೇಳುವುದು ಬೇರೆ. ನಿನಗೆ ಹೇಳುವುದು ಬಹಳ ಚಲೋ ಬರುತ್ತದೆ.

ಚಂದ್ರಾಮ


ಮಹುಲಪಾಲಿ ಕ್ಯಾಂಪ್
೨೫ ಸಪ್ಟೆಂಬರ್ ೧೯೫೮

ಚಂದ್ರಾಮ,

ನಿನ್ನ ಪತ್ರದ ಕೊನೆಯ ಸಾಲು ಓದಿ ಪತ್ರವನ್ನು ಹರಿದು ಒಗೆದೆ. ನಿನ್ನ ತುಮಕೂರು ಸಾಹೇಬರ ಒಗೆಯುವುದಲ್ಲ, ನಮ್ಮ ಒಗೆಯುವುದು. ಒಂದು ತಾಸಿನ ಮೇಲೆ ಹೋಗಿ ಚೂರುಗಳನ್ನು ಆರಿಸಿ ತಂದು ಜೋಡಿಸಿ ಮತ್ತೆ ಓದಿದೆ. ‘ಕೇಳಿದೆಯಾ?’ ಅಂತ ಬರೆದಿದ್ದಿ. ಹಾಳಾದವನೆ, ಕೇಳಿರಲಿಲ್ಲ! ಬೈದಿದ್ದೆ. ಆರು ವಾರ ಬೈದಿದ್ದೆ.

ಆ ಐತವಾರ ಎಲ್ಲರನ್ನೂ ಚಹಾಕ್ಕೆ ಕೂಡಿಸಿ ಕೇಳಿದೆ. ಕಡೆಗೆ ಮುದ್ದೇಬಿಹಾಳದ ಯಂಕಪ್ಪ, ಎಲ್ಲರಿಗಿಂತ ಹಿರಿಯ, ತಂಬಾಕು ಉಗುಳಿ ಬಂದು ಮಾತಾಡಿದ.

“ಕಾಸಿಂಸಾಬ್ರ, ಸಣ್ಣವ್ರಿದ್ದಾಗ ಅಜ್ಜಿ ಕತಿ ಹೇಳೋ ಮುಂದ ನೀವೇನಂತಿದ್ರಿ?”

“ಹೂಂ ಅಂತಿದ್ದೆ.”

“ಅನ್ನಲಿಲ್ಲಂದ್ರ?”

“ಕತಿ ನಿಲ್ಲತಿತ್ತು.”

“ಹಂಗ ನೋಡ್ರಿ. ಸಾಹೇಬ ಹೇಳಾಕತ್ತಿದ್ದ, ನಾವು ಹೂಂ ಅಂದ್ವಿ. ಹೂಂ ಅಂದ್ರ ಕೇಳಾಕತ್ತೇವಿ ಅಂತ. ಮಾಡ್ತೇವಿ ಅಂತ ಯಾಂವ ಅಂದಾನ?”

ನನಗೆ ಸಿಟ್ಟು ನೆತ್ತಿಗೇರಿತು. “ಹಗ್ಗ ಕಟ್ಟಾಕ ಏನಾಗಿತ್ತು ರೋಗ?” ಅಂದೆ.

“ಎರಡನೇ ಹಗ್ಗ ಎಲ್ಲಿತ್ರಿ? ಹಿಂದಿನ ದಿನಾನ ಆ ಕಡಿ ಗ್ಯಾಂಗಿನವ್ರು ಒಯ್ದಿದ್ರು.”

“ಅದನ್ನ ಆಗ ಹೇಳಬೇಕಿಲ್ಲೋ?”

“ಅಷ್ಟ ಮಂದಿ ಮುಂದ, ಅಟ್ಟದ ಮ್ಯಾಲ ನಿಂತ ದೊಡ್ಡ ಮನಶ್ಯಾಗ ‘ನಿನ್ನ ಹಂತ್ಯಾಕ ಹಗ್ಗ ಇಲ್ಲ’ ಅಂತ ಹೆಂಗ ಅನ್ನೂದ್ರಿ? ಅವನ ಮರ್ಯಾದಿ ಏನಾಗಬೇಕು? ಕೇಳಿದ್ರ ಹೇಳ್ತಿದ್ವಿ. ಅಂವ ಹೇಳಿದ, ಕೇಳಲಿಲ್ಲ. ನೀವೂ ಕೇಳಲಿಲ್ಲ.”

ಇವರು ಅವನ ಮರ್ಯಾದೆ ಕಾಯಲು ಬಾಯಿ ಮುಚ್ಚಿಕೊಂಡರು, ಅವನು ಅದನ್ನೇ ಸುಳ್ಳು ಅಂದ. ಶಮಶುದ್ದೀನನ ಬೆರಳು ನಡುವೆ ಸಿಕ್ಕಿಕೊಂಡವು. ‘ಹೂಂ’ ಎಂಬುದನ್ನು ‘ಯಸ್’ ಎಂದು ಮಾಡಿ ಕೊಟ್ಟವನು ನಾನು. ಆ ತಪ್ಪು ಜರ್ಮನಿಯದೂ ಅಲ್ಲ, ಮುದ್ದೇಬಿಹಾಳದ್ದೂ ಅಲ್ಲ. ನನ್ನದು.

ಸಾಹೇಬನ ಖೋಲಿಗೆ ಹೋಗಿ ಇದನ್ನು ಹೇಳಿದೆ. ಅವನಿಗೆ ತಲೆಗೆ ಹೋಗಲಿಲ್ಲ. “ಯಸ್ ಅಂದರೆ ಯಸ್, ನೋ ಅಂದರೆ ನೋ” ಅಂತ ಮೇಜು ಗುದ್ದಿದ. ಅಷ್ಟರಲ್ಲಿ ಟೆಲಿಫೋನು ಬಂತು. ಆ ಕಡೆಯಿಂದ ಅವರ ದೊಡ್ಡ ಸಾಹೇಬ ಒದರುತ್ತಿದ್ದ. ಇವನು ಕಿವಿಗೆ ಹಿಡಿದುಕೊಂಡು, “ಯಾ… ಯಾ… ಯಾ, ಯಾ…” ಅನ್ನುತ್ತಲೇ ಇದ್ದ. ನಾನು ಎಣಿಸಿದೆ, ಹದಿನೇಳು ಸಲ. ಅವರ ಭಾಷೆಯಲ್ಲಿ ‘ಯಾ’ ಅಂದರೆ ‘ಹೌದು’, ಅಷ್ಟು ನನಗೆ ಗೊತ್ತಿತ್ತು. ಟೆಲಿಫೋನು ಇಟ್ಟ.

“ಏನಂತೆ ಸಾಹೇಬ್ರ?” ಅಂದೆ.

“ಡಿಸೆಂಬರದ ಒಳಗೆ ಮುಗಿಸು ಅಂತಾರೆ. ಆಗೋದಿಲ್ಲ. ಬರೆದು ತಿಳಿಸುತ್ತೇನೆ.”

“ಮತ್ತ ಹದಿನೇಳು ಸಲ ಹೌದು ಅಂದ್ರಲ್ಲ?”

“ಅದು ಕೇಳ್ತಾ ಇದ್ದೇನೆ ಅಂತ—” ಅಂದವನು ಅಲ್ಲೇ ನಿಂತ. ಬಾಯಿ ಹಾಗೇ ತೆರೆದಿತ್ತು. ಆಮೇಲೆ ನಗತೊಡಗಿದ ನೋಡು, ಕೆಂಪು ಮನುಷ್ಯ ಇನ್ನೂ ಕೆಂಪಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಾನೂ ನಕ್ಕೆ. ಅವನ ಖೋಲಿಯಲ್ಲಿ ನಾನು ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು.

ಇಬ್ಬರೂ ಕೂಡಿ ಒಂದು ಕಟ್ಟಳೆ ಮಾಡಿದೆವು. ನಮ್ಮವರು ಹೂಂ ಅನ್ನಬಹುದು. ಆದರೆ ಹೂಂ ಅಂದ ಮೇಲೆ ಬಾಯಿ ಮುಚ್ಚಬಾರದು: ತಾನು ಏನು ಮಾಡುತ್ತೇನೆ ಎಂಬುದನ್ನು ತನ್ನ ಬಾಯಿಂದ ಹೇಳಬೇಕು. ಸಾಹೇಬನ ಪಾಲಿಗೂ ಒಂದು ಹಚ್ಚಿದೆ. ಅಟ್ಟಣಿಗೆ ಇಳಿದು ಬಂದು, ಬಾಜೂಕ್ಕೆ ನಿಂತು, ‘ಏನ ಕಡಿಮಿ ಐತಿ?’ ಎಂದು ಕನ್ನಡದಲ್ಲಿ ಕೇಳಬೇಕು. ಮೂರು ದಿನ ಕಲಿಸಿದೆ. ‘ಎನ ಕದಿಮಿ ಐತಿ’ ಅನ್ನುತ್ತಾನೆ. ಅಡ್ಡಿಯಿಲ್ಲ, ತಿಳಿಯುತ್ತದೆ. ಮೊದಲ ದಿನ ಕೇಳಿದಾಗ ಒಬ್ಬ ಹಗ್ಗ ಅಂದ, ಒಬ್ಬ ಕೈಗವಸು ಅಂದ, ಬಾಗೇವಾಡಿಯ ಸಂಗಣ್ಣ ಮಾತ್ರ “ಬ್ಯಾಳ್ಯಾಗ ಉಪ್ಪು ಕಡಿಮಿ ಐತ್ರಿ” ಅಂದ. ಎಲ್ಲರೂ ನಕ್ಕರು. ಸಾಹೇಬ ನಗಲಿಲ್ಲ, ಅದನ್ನೂ ಬರೆದುಕೊಂಡ. ಮರುದಿನ ಅಡಿಗೆ ಮನೆಗೆ ಉಪ್ಪು ಬಂತು! ಅವತ್ತಿನಿಂದ ಅವನು ಭ್ರಾಂತ ಸಾಹೇಬನಲ್ಲ, ಬರೀ ಸಾಹೇಬ.

ಮತ್ತೊಂದು ಮಾತು. ಅವನು ‘ನೋ’ ಅಂದರೆ ಕಲ್ಲು ಒಗೆದಂತೆ ಆಗುತ್ತಿತ್ತು ನನಗೆ. ಈಗ ಅನಿಸುತ್ತದೆ, ನಿನ್ನ ತುಮಕೂರು ಸಾಹೇಬರಿಗೆ ನಮ್ಮ ಮಾತೂ ಹಾಗೇ ಕೇಳಿಸುತ್ತಿರಬೇಕು. ಆದರೂ ನಮ್ಮ ಮನಸ್ಸಿನಲ್ಲಿ ಜಗಳ ಇರುತ್ತದೆಯೇ? ಅವನಲ್ಲೂ ಇಲ್ಲ.

ಗಡುವು ಹೋಗಿಲ್ಲ. ಅಕ್ಟೋಬರ ಮೂವತ್ತಕ್ಕೆ ಸುಣ್ಣದ ಕಲ್ಲು ಸುಡುವ ದೊಡ್ಡ ಕೊಳವೆ ಏರಿಸಬೇಕು, ಒಳಗೆ ಎತ್ತಿನ ಗಾಡಿ ಹೋಗುವಷ್ಟು ಅಗಲದ್ದು. ಅದನ್ನು ನಮ್ಮ ಗ್ಯಾಂಗಿಗೇ ಕೊಡಿರಿ ಎಂದು ಕೇಳಿದ್ದೇನೆ. ಸರಿಯಾಗಿ ಏರಿದರೆ ಉಳಿಯುತ್ತೇವೆ.

ರೊಟ್ಟಿ ಶಮಶುದ್ದೀನನಿಗೆ ಕೊಟ್ಟೆ. ಎರಡು ನಾನೂ ತಿಂದೆ.

ಕಾಸಿಂ


ಇಂಡಿ, ರಸ್ತೆ ಬಂಗಲೆ
೧೪ ಅಕ್ಟೋಬರ್ ೧೯೫೮

ಕಾಸಿಂ,

ನಿನ್ನ ಹೂಂ ಕಟ್ಟಳೆಯನ್ನು ಇಲ್ಲಿಯೂ ಹಚ್ಚಿದ್ದೇನೆ. ಸಾಹೇಬರಿಗೂ ಹೇಳಿದೆ. ಅವರು ಒಂದು ಪುಟ್ಟ ವಹಿ ಮಾಡಿಕೊಂಡು ನಮ್ಮ ಮಾತುಗಳನ್ನು ಬರೆದುಕೊಳ್ಳುತ್ತಿದ್ದಾರೆ. ನಿನ್ನೆ ಮುಂಜಾನೆ ಬಂದವರು ನೆನಪಿಟ್ಟು, “ಗುಂಡವ್ವ, ನಾಷ್ಟಾ ಆತೇನ್ರಿ?” ಅಂದರು. ಅವಳೂ ಅವರನ್ನು ಮೆಚ್ಚಿಸಬೇಕೆಂದು ಕಲಿತು ಬಂದಿದ್ದಳು: “ತಿಂಡಿ ಆಯ್ತು ಸ್ವಾಮಿ!” ಇಬ್ಬರೂ ದಾರಿ ಬಿಟ್ಟುಕೊಡಲು ಹೋಗಿ ಮತ್ತೆ ಎದುರುಬದುರಾದರು. ಕಲ್ಲು ಒಡೆಯುವವರೆಲ್ಲ ಸುತ್ತಿಗೆ ಕೆಳಗಿಟ್ಟು ನಕ್ಕರು.

ಮೂವತ್ತನೆಯ ತಾರೀಖು ನೆನಪಿದೆ. ಚಲೋ ಆಗುತ್ತದೆ. ನಿನಗೆ ಕೇಳುವುದು ಬಂದ ಮೇಲೆ ಉಳಿದದ್ದು ದೊಡ್ಡದಲ್ಲ.

ನಮ್ಮ ಮನೆಯಾಕೆ ಸಾವಂತ್ರವ್ವ ನಿನ್ನನ್ನು ಕೇಳಿದಳೆಂದು ಬರೆ ಅಂದಳು. ಬರೆದಿದ್ದೇನೆ. ಇನ್ನೂ ಒಂದು ವಿಷಯವಿತ್ತು. ಕಾಗದದಲ್ಲಿ ಜಾಗವಿಲ್ಲ.

ಚಂದ್ರಾಮ


ಸಿಂದಗಿ
೨೧ ಅಕ್ಟೋಬರ್ ೧೯೫೮

ತಮ್ಮ ಕಾಸಿಂಗೆ ಅಕ್ಕ ಜೈತುನಬಿಯ ದುವಾ.

ನಾನು ಆರಾಮ ಅದೇನಿ. ನೀ ಹೋದ ಹೊಸತಾಗ ಬರದ ಕಾಗದದಾಗ ಚಂದ್ರಾಮನ ಸುದ್ದಿ ಬರೀಬ್ಯಾಡ ಅಂದಿದ್ದಿ. ಅದಕ್ಕ ಬಾಯಿ ಮುಚಗೊಂಡ ಇದ್ದೆ. ಇನ್ನ ಆಗೂದಿಲ್ಲಪ್ಪಾ, ಹೊಟ್ಟಿ ಉಬ್ಬೇತಿ.

ಅವಗ ಮಗಳ ಹುಟ್ಟ್ಯಾಳ. ಆರ ತಿಂಗಳಾತು. ಸೀತವ್ವ ಅಂತ ಹೆಸರ ಇಟ್ಟಾರ. ತೊಟ್ಟಲಕ್ಕ ಹಾಕೋ ದಿನ ಮೊದಲ ಕೈ ಹಚ್ಚಿ ತೂಗಿದಾಕಿ ನಾನ. ಎರಡ ಕೂಸ ಕಳಕೊಂಡ ಮ್ಯಾಲ ಉಳದ ಕೂಸಲ್ಲೇನೋ ಅದು? ನೀ ಝಳಕ್ಯಾಗ ಅವನ ಹಾದಿ ಕಾಯಕೋತ ನಿಂತಾಗ ಸಾವಂತ್ರವ್ವ ಏಳ ತಿಂಗಳ ಬಸರಿದ್ಲು. ಮೊದಲಿನ ಎರಡೂ ಏಳರಾಗ ಹೋಗಿದ್ದು. ಅಂತಾದ್ರಾಗ ಆಕಿನ್ನ ಬಿಟ್ಟ ಅಂವ ಹೆಂಗ ಬರ್ತಿದ್ದ? ಆ ಮಾತ ಗಂಡಸ ಚಹಾದಂಗಡ್ಯಾಗ ಹೇಳತಾನೇನು?

ನಿನಗ ಗೊತ್ತಿತ್ತು ಅಂತ ನಾ ತಿಳದಿದ್ದೆ. ಅಂವಗ ಕೇಳಿದ್ರ, “ಅಂವ ಕೇಳಿಲ್ಲ ಅಕ್ಕಾ, ನಾ ಹೇಳಿಲ್ಲ” ಅಂದ. ಇಬ್ರೂ ಗಂಟಲಾಗ ಮುಳ್ಳ ಇಟಗೊಂಡ ಕುಂತೀರಿ. ನಾಚಿಕಿ ಆಗಬೇಕು ನಿಮಗ.

ಶರೀರ ಜ್ವಾಕಿ. ಉಣ್ಣೂದ ಬಿಡಬ್ಯಾಡ.

ನಿನ್ನ ಅಕ್ಕ,
ಜೈತುನಬಿ


ಮಹುಲಪಾಲಿ ಕ್ಯಾಂಪ್
೯ ನವೆಂಬರ್ ೧೯೫೮

ಪ್ರೀತಿಯ ಚಂದ್ರಾಮ,

ಮೊದಲು ಕೊಳವೆಯ ಸುದ್ದಿ ಹೇಳುತ್ತೇನೆ. ಅದನ್ನು ಹೇಳದೆ ಮುಂದಿನದನ್ನು ಹೇಳಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ.

ಮೂವತ್ತನೆಯ ತಾರೀಖು ಮುಂಜಾನೆ ಇಡೀ ಕಾರಖಾನೆ ನೋಡಲು ನೆರೆದಿತ್ತು. ಪಂಜಾಬಿಗಳು, ಇಲ್ಲಿಯ ಒಡಿಯಾ ಮಂದಿ, ಜರ್ಮನಿಯವರ ಹೆಂಗಸರು ಕೂಡ ಟೋಪಿ ಹಾಕಿಕೊಂಡು ಬಂದಿದ್ದರು. ಸಾಹೇಬ ಅಟ್ಟಣಿಗೆ ಹತ್ತಲಿಲ್ಲ. ನಮ್ಮ ನಡುವೆ ನಿಂತು ಒಬ್ಬೊಬ್ಬನಿಗೂ ಕೆಲಸ ಹೇಳಿದ, ನಾನು ಕನ್ನಡ ಮಾಡಿದೆ. ಅವರು ಹೂಂ ಅಂದರು, ಹೂಂ ಅಂದ ಮೇಲೆ ಬಾಯಿ ಮುಚ್ಚಲಿಲ್ಲ. “ಬಲಗಡಿ ಹಗ್ಗ ನಂದು, ಸೀಟಿ ಆಗೂತನ ಬಿಡಂಗಿಲ್ಲ” ಅಂತ ಒಬ್ಬ. “ಕೊಳವಿ ತೂಗಾಡಿದ್ರ ನಾ ಕೈ ಎತ್ತತೇನಿ” ಅಂತ ಸಂಗಣ್ಣ. ಶಮಶುದ್ದೀನ ಕೋಲು ಊರಿಕೊಂಡು ಬಂದು, “ನಾ ಸೀಟಿ ಊದತೇನಿ, ಊದಾಕ ಕಾಲಬೆರಳ ಬೇಕಿಲ್ಲ” ಅಂದ. ಅವನ ಕೈಗೇ ಸೀಟಿ ಕೊಟ್ಟೆವು.

ಕೊಳವೆ ನೆಲ ಬಿಟ್ಟು ಒಂದಾಳೆತ್ತರ ಏರಿತ್ತು. ಯಂಕಪ್ಪ ಒಮ್ಮೆಲೆ ಒದರಿದ: “ಇಲ್ಲರಿ! ನಿಂದರಸ್ರಿ!”

ಅಷ್ಟು ಜನರ ಎದುರಿಗೆ, ಅಷ್ಟು ದೊಡ್ಡ ಮನುಷ್ಯನಿಗೆ, ಆ ಮುದುಕ ‘ಇಲ್ಲ’ ಅಂದ! ಸಾಹೇಬ ನನ್ನ ಕಡೆ ನೋಡಲೂ ಇಲ್ಲ, ಕನ್ನಡ ಮಾಡುವುದನ್ನು ಕಾಯಲೂ ಇಲ್ಲ. ಕೈ ಎತ್ತಿದ. ಸೀಟಿ ಆಯಿತು. ಎಲ್ಲವೂ ನಿಂತಿತು. ಮೆಲ್ಲಗೆ ಇಳಿಸಿ ನೋಡಿದರೆ ಯಂಕಪ್ಪನ ಕಡೆಯ ರಾಟೆಯ ಮೊಳೆ ಅರ್ಧಕ್ಕರ್ಧ ಹೊರಗೆ ಬಂದಿತ್ತು. ಇನ್ನೊಂದು ಗೇಣು ಎತ್ತಿದ್ದರೆ ಹನ್ನೆರಡು ಮಂದಿ ಅದರ ಕೆಳಗೆ ಇರುತ್ತಿದ್ದೆವು.

ಯಂಕಪ್ಪ ಶುದ್ಧ ಮುದ್ದೇಬಿಹಾಳದ ಮಾತಿನಲ್ಲಿ, ಮೊಳೆ ಹೇಗೆ ಸರಿಯಿತು, ತನಗೆ ಸಪ್ಪಳದಿಂದ ಹೇಗೆ ತಿಳಿಯಿತು, ಅವರ ಅಪ್ಪ ಬಾವಿಯ ರಾಟೆಯಲ್ಲಿ ಇದನ್ನೇ ಹೇಗೆ ಕಂಡಿದ್ದ ಎಂದು ಹತ್ತು ಮಿನಿಟು ಹೇಳಿದ. ಸಾಹೇಬ ಟೋಪಿ ಕೈಯಲ್ಲಿ ಹಿಡಿದು ಅವನೆದುರಿಗೆ ನಿಂತು, “ಹೂಂ… ಹೂಂ…” ಅನ್ನುತ್ತಿದ್ದ. ಒಂದಕ್ಷರ ತಿಳಿದಿರಲಿಕ್ಕಿಲ್ಲ. ಮುಗಿದ ಮೇಲೆ ಯಂಕಪ್ಪ ಸುಮ್ಮನೆ ಅವನ ಮುಖ ನೋಡಿದ. ಸಾಹೇಬನಿಗೆ ಕಟ್ಟಳೆ ನೆನಪಾಯಿತು. ಬೆರಳು ಮಡಚುತ್ತ ಹೇಳಿದ, ನಾನು ಕನ್ನಡ ಮಾಡಿದೆ: ಹೊಸ ಮೊಳೆ ತರಿಸುತ್ತೇನೆ. ಎಲ್ಲ ರಾಟೆ ತಪಾಸ ಮಾಡಿಸುತ್ತೇನೆ. ನಾಳೆ ಇದೇ ಹೊತ್ತಿಗೆ, ಇದೇ ಗ್ಯಾಂಗಿನಿಂದ ಏರಿಸುತ್ತೇನೆ.

ಮರುದಿನ ಏರಿತು. ಗ್ಯಾಂಗು ಉಳಿಯಿತು. ‘ಸುಳ್ಳುಗಾರರು’ ಅಂದ ಮಾತನ್ನು ಎಲ್ಲರ ಎದುರಿಗೇ ಹಿಂತೆಗೆದುಕೊಂಡ. ಈಗ ಪಂಜಾಬಿಗಳ ಗ್ಯಾಂಗಿನಲ್ಲೂ ‘ಏನ ಕಡಿಮಿ?’ ನಡೆದಿದೆ. ಅರ್ಥ ಗೊತ್ತಿಲ್ಲದವರೂ ಅನ್ನುತ್ತಾರೆ.

ಇನ್ನು ಉಳಿದ ಮಾತು.

ಅಕ್ಕನ ಪತ್ರ ಬಂತು. ಸೀತವ್ವನ ಸುದ್ದಿ ಓದಿದೆ. ಅರ್ಧ ಹಾಳೆ ಖಾಲಿ ಬಿಟ್ಟು ‘ಜಾಗವಿಲ್ಲ’ ಎಂದು ಬರೆಯುತ್ತೀಯಲ್ಲೋ, ಕಳ್ಳ!

ಊರು ಬಿಟ್ಟ ದಿನ ನಾನು ಇಂಡಿಯಿಂದ ಮಂದಿಯನ್ನು ಕರೆದುಕೊಂಡು ಝಳಕಿಗೆ ಬಂದೆ. ನೀನು ನೇರ ಅಲ್ಲಿಗೆ ಬರುವವನಿದ್ದೆ. ಹಾಗೆಂದು ನಾನು ತಿಳಿದಿದ್ದೆ. ಸೊಲ್ಲಾಪುರದ ಮೋಟಾರು ಮೂರು ಹೋದವು. ಪ್ರತಿಯೊಂದಕ್ಕೂ ‘ನಮ್ಮವ ಬರಾಕತ್ತಾನ, ತಡೀರಿ’ ಎಂದು ಕಂಡಕ್ಟರನಿಗೆ ಕೈ ಮುಗಿದೆ. ನಾಲ್ಕನೆಯದಕ್ಕೆ ಹತ್ತಿದೆ. ದಾರಿಯುದ್ದಕ್ಕೂ ನಿನ್ನ ಏಳು ತಲೆಮಾರು ಬೈದೆ.

ಈಗ ಅದಕ್ಕೂ ಮೊದಲಿನ ಆ ಸಂಜೆಯನ್ನು ಮತ್ತೆ ನೆನೆಯುತ್ತೇನೆ. ಸಿಂದಗಿ ಸ್ಟ್ಯಾಂಡಿನ ಚಹಾದಂಗಡಿ. ನಾನು ಒಂದು ತಾಸು ಮಾತಾಡಿದೆ: ಕಾರಖಾನೆ ಹೀಗೆ, ಜರ್ಮನಿಯವರು ಹೀಗೆ, ಯಂತ್ರದ ಕೆಲಸ ನನ್ನದು, ಬರೆಯುವ ಕೆಲಸ ನಿನ್ನದು, ಇಬ್ಬರೂ ಹೋದರೆ ಜಗತ್ತನ್ನೇ ಗೆದ್ದು ಬರುತ್ತೇವೆ. ನೀನು ಹೂಂ ಅನ್ನುತ್ತಿದ್ದೆ. ನಿನ್ನ ಚಹಾ ಹಾಗೇ ಕೆನೆಗಟ್ಟಿತ್ತು. ಒಮ್ಮೆ ಬಾಯಿ ತೆರೆದಿ, ಏನೋ ಹೇಳಲಿಕ್ಕೆ. ಚಹಾ ಆರಿದೆ ಅಂತೀ ಎಂದುಕೊಂಡು ನಾನೇ ಇನ್ನೊಂದು ಕಪ್ಪು ತರಿಸಿದೆ, ಮತ್ತೆ ನನ್ನ ಕತೆ ಮುಂದುವರಿಸಿದೆ.

‘ಬರ್ತೀಯೇನು?’ ಎಂದು ನಾನು ಒಂದು ಸಲವೂ ಕೇಳಲಿಲ್ಲ, ಚಂದ್ರಾಮ. ‘ಹೋಗೂಣು’ ಅಂದೆ. ‘ಝಳಕ್ಯಾಗ ಕೂಡೂಣು’ ಅಂದೆ. ನಿನ್ನ ಹೂಂಗಳನ್ನೆಲ್ಲ ಎಣಿಸಿ ಹೌದು ಎಂದು ಗಂಟು ಕಟ್ಟಿಕೊಂಡೆ. ಜರ್ಮನಿಯವನಿಗೆ ನಮ್ಮ ಹೂಂ ತಿಳಿಯಲಿಲ್ಲವೆಂದು ನಕ್ಕೆನಲ್ಲ, ಅವನು ದೂರದವನು. ನಿನ್ನ ಜೊತೆ ಒಂದೇ ಬೆಂಚಿನ ಮೇಲೆ ಕುಳಿತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಬರೆದವನಿಗೇ ತಿಳಿಯಲಿಲ್ಲ. ನನ್ನದು ತಪ್ಪಾಯಿತು. ಇದನ್ನು ಬರೆಯುವಾಗ ಕಣ್ಣೀರು ಬಂತು, ಮುಚ್ಚಿಡುವುದಿಲ್ಲ.

ಜನವರಿಯಲ್ಲಿ ನನಗೆ ಇಪ್ಪತ್ತು ದಿನ ರಜೆ ಕೊಟ್ಟಿದ್ದಾರೆ. ೧೮ನೆಯ ತಾರೀಖು ರವಿವಾರ ಸೊಲ್ಲಾಪುರದಲ್ಲಿ ರೈಲು ಇಳಿದು ಮೋಟಾರು ಹಿಡಿದು ಮಧ್ಯಾಹ್ನದ ಹೊತ್ತಿಗೆ ಝಳಕಿಯಲ್ಲಿ ಇಳಿಯುತ್ತೇನೆ. ಹೇಳುತ್ತಿಲ್ಲ, ಕೇಳುತ್ತಿದ್ದೇನೆ. ಬರಲಿಕ್ಕೆ ಆಗದಿದ್ದರೆ ‘ಇಲ್ಲ’ ಎಂದು ಬರೆ. ಯಂಕಪ್ಪನ ‘ಇಲ್ಲ’ ಹನ್ನೆರಡು ಜೀವ ಉಳಿಸಿದೆ, ನಿನ್ನದಕ್ಕೆ ನಾನು ಸಿಟ್ಟಾಗುವುದಿಲ್ಲ.

ಬರ್ತೀಯೇನು?

ನಿನ್ನ,
ಕಾಸಿಂ


ಕನ್ನೊಳ್ಳಿ
೨೮ ನವೆಂಬರ್ ೧೯೫೮

ಪ್ರೀತಿಯ ಕಾಸಿಂ,

ಹೂಂ.

ಹೂಂ ಅಂದ ಮೇಲೆ ಬಾಯಿ ಮುಚ್ಚಬಾರದಲ್ಲ, ಅದಕ್ಕೆ ಹೇಳುತ್ತೇನೆ. ಜನವರಿ ೧೮, ರವಿವಾರ. ಮುಂಜಾನೆ ಮೊದಲ ಮೋಟಾರಿಗೆ ಸಿಂದಗಿ ಬಿಟ್ಟು ಇಂಡಿಗೆ, ಇಂಡಿಯಿಂದ ಝಳಕಿಗೆ ಬರುತ್ತೇನೆ. ಸಾವಂತ್ರವ್ವ ಜೊತೆಗೆ ಬರುತ್ತಾಳೆ. ಸೀತವ್ವ ನನ್ನ ಹೆಗಲ ಮೇಲೆ ಇರುತ್ತಾಳೆ. ಜೈತುನಬಿ ಅಕ್ಕನೂ ಬರುತ್ತಾಳಂತೆ, ನಿನ್ನ ಕಿವಿ ಹಿಂಡುವುದಿದೆಯಂತೆ. ನಾಕಾದ ಬೇವಿನ ಗಿಡದ ಬುಡಕ್ಕೆ ನಿಂತಿರುತ್ತೇವೆ.

ಅಂದು ನಾನೂ ‘ಇಲ್ಲ’ ಅನ್ನಬೇಕಿತ್ತು. ನಿನ್ನ ಮುಖದ ಮೇಲೆ ಅಷ್ಟು ಸಂತೋಷವಿತ್ತು, ನಾಲಿಗೆ ಏಳಲಿಲ್ಲ. ಅದು ನನ್ನ ತಪ್ಪು. ಅರ್ಧ ನಿನಗೆ, ಅರ್ಧ ನನಗೆ ಇರಲಿ.

ಏನು ಕಡಿಮೆ ಇದೆ ಎಂದು ಹೇಳುವುದೂ ನಿನ್ನ ಕಟ್ಟಳೆಯೇ ಅಲ್ಲವೇ? ಹುಡುಗಿಗೆ ಎಲ್ಲ ಇದೆ. ಕಾಕಾ ಒಬ್ಬ ಕಡಿಮೆ.

ನಿನ್ನ ಮೋಟಾರು ತಡವಾದೀತು, ತಪ್ಪಿಯೂ ಹೋದೀತು. ಅವಸರ ಮಾಡಬೇಡ. ಎಷ್ಟು ಮೋಟಾರು ಹೋದರೂ ನಾನು ನಿಂತಿರುತ್ತೇನೆ.

ನಿನ್ನ,
ಚಂದ್ರಾಮ